ಭಾಗಿಸುವ ಮೊದಲು ಪಟ್ಟಿ ಬರೆಯಿರಿ: ಸಂಭವನೀಯತೆಯ ಲೆಕ್ಕ ಬಿಡಿಸುವ ಕ್ರಮ

ಸಂಭವನೀಯತೆಯ ಸೂತ್ರ ಒಂದೇ ಸಾಲಿನದು. ಅನುಕೂಲ ಫಲಿತಗಳ, ಅಂದರೆ ಕೇಳಿದ್ದು ನಡೆಯುವಂಥ ಫಲಿತಗಳ, ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು. ಈ ಸೂತ್ರ ಮರೆತು ಲೆಕ್ಕ ತಪ್ಪುವವರು ತೀರಾ ಕಡಿಮೆ. ತಪ್ಪು ನುಸುಳುವುದು ಅದಕ್ಕಿಂತ ಎರಡು ಹೆಜ್ಜೆ ಹಿಂದೆ, ಯಾವುದನ್ನು ಒಂದು ಫಲಿತ ಎಂದು ಹಿಡಿಯಬೇಕು ಎಂಬುದನ್ನು ಗೊತ್ತು ಮಾಡಿಕೊಳ್ಳದೆ ಎಣಿಸಲು ಹೊರಟಾಗ. ಆದ್ದರಿಂದ ಇಲ್ಲಿ ಸೂತ್ರಕ್ಕಿಂತ ಪಟ್ಟಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಸೂತ್ರಕ್ಕೆ ಅಂಟಿಕೊಂಡೇ ಒಂದು ಷರತ್ತಿದೆ: ಪಟ್ಟಿಯಲ್ಲಿರುವ ಪ್ರತಿ ಫಲಿತವೂ ಸಮಸಂಭವವಾಗಿರಬೇಕು, ಅಂದರೆ ಒಂದಕ್ಕಿರುವಷ್ಟೇ ಸಾಧ್ಯತೆ ಇನ್ನೊಂದಕ್ಕೂ ಇರಬೇಕು. "ನಾಳೆ ಮಳೆ ಬರುತ್ತದೆ ಅಥವಾ ಬರುವುದಿಲ್ಲ, ಇರುವುದು ಎರಡೇ ಫಲಿತ, ಹಾಗಾಗಿ 1/2" ಎಂಬ ವಾದ ಬಿದ್ದುಹೋಗುವುದು ಇಲ್ಲೇ. ಫಲಿತಗಳು ಎರಡಿರುವುದು ನಿಜ, ಆದರೆ ಅವು ಸಮಸಂಭವ ಎನ್ನಲು ಯಾವ ಆಧಾರವೂ ಇಲ್ಲ.

ಈ ಷರತ್ತನ್ನು ಬಿಟ್ಟರೆ ಘಟಾನುಘಟಿಗಳೂ ಎಡವುತ್ತಾರೆ. ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಂದು ಸಲವಾದರೂ ಶಿರ ಬೀಳುವ ಸಂಭವನೀಯತೆ ಎಷ್ಟು? ಫ್ರೆಂಚ್ ಗಣಿತಜ್ಞ ದಾಲಂಬೇರ್ 1754ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ ಇದಕ್ಕೆ 2/3 ಎಂಬ ಉತ್ತರವನ್ನು ಸಮರ್ಥಿಸಿದ್ದ. ಅವನ ತರ್ಕ ಹೀಗಿತ್ತು: ಮೊದಲ ಸಲವೇ ಶಿರ ಬಿದ್ದರೆ ಎರಡನೆಯ ಸಲ ಚಿಮ್ಮುವ ಅಗತ್ಯವೇ ಇಲ್ಲ. ಹಾಗಾಗಿ ಫಲಿತಗಳು ಮೂರು: ಶಿರ, ಪುಚ್ಛ-ಶಿರ, ಪುಚ್ಛ-ಪುಚ್ಛ. ಮೂರರಲ್ಲಿ ಎರಡು ಅನುಕೂಲ. ಪಟ್ಟಿಯಲ್ಲಿ ಏನೂ ಬಿಟ್ಟುಹೋಗಿಲ್ಲ, ಆದರೆ ಮೂರೂ ಒಂದೇ ತೂಕದವಲ್ಲ. ಮೊದಲನೆಯದರ ಸಂಭವನೀಯತೆ 1/2, ಉಳಿದೆರಡರದು ತಲಾ 1/4. ಸರಿಯಾದ ಉತ್ತರ 1/2 + 1/4 = 3/4. ಪಟ್ಟಿಯನ್ನು ಶಿರ-ಶಿರ, ಶಿರ-ಪುಚ್ಛ, ಪುಚ್ಛ-ಶಿರ, ಪುಚ್ಛ-ಪುಚ್ಛ ಎಂದು ಪೂರ್ತಿ ಬರೆದುಕೊಂಡರೆ ನಾಲ್ಕೂ ಸಮಸಂಭವ, ನಾಲ್ಕರಲ್ಲಿ ಮೂರು ಅನುಕೂಲ, ಅದೇ 3/4.

ಹಾಗಾಗಿ ಯಾವ ಲೆಕ್ಕ ಬಂದರೂ ಈ ಕ್ರಮ ಇಟ್ಟುಕೊಳ್ಳಿ. ಮೊದಲು ಪ್ರಯೋಗ ಏನೆಂದು ನಿಮ್ಮ ಮಾತಿನಲ್ಲಿ ಒಂದು ಸಾಲು ಬರೆಯಿರಿ: ಎಷ್ಟು ಸಲ ಎಸೆಯುವುದು, ತೆಗೆದದ್ದನ್ನು ಮರಳಿ ಹಾಕುವುದೋ ಇಲ್ಲವೋ, ಕ್ರಮ ಮುಖ್ಯವೋ ಅಲ್ಲವೋ. ಆಮೇಲೆ ಫಲಿತ ಗಣವನ್ನು, ಅಂದರೆ ಸಾಧ್ಯವಿರುವ ಎಲ್ಲ ಫಲಿತಗಳ ಪಟ್ಟಿಯನ್ನು, ಬರೆಯಿರಿ. ಅದು ತುಂಬ ದೊಡ್ಡದಾದರೆ ಮೊದಲ ನಾಲ್ಕೈದು ಫಲಿತಗಳನ್ನಾದರೂ ಬರೆದು, ಒಟ್ಟು ಎಷ್ಟು ಎಂದು ಗುಣಿಸಿ ತಿಳಿಯಿರಿ. ಅವು ಸಮಸಂಭವವೇ ಎಂದು ಕೇಳಿಕೊಳ್ಳಿ. ನಂತರ, ಕೇಳಿದ ಘಟನೆಗೆ ಸೇರುವ ಫಲಿತಗಳಿಗೆ ಗುರುತು ಹಾಕಿ. ಭಾಗಾಕಾರದ ಸರದಿ ಇವೆಲ್ಲ ಆದ ಮೇಲೆ. ಭಿನ್ನರಾಶಿಯನ್ನು ಸಂಕ್ಷೇಪಿಸುವ ಆತುರ ಬೇಡ. 6/36 ಎಂದು ಬರೆದಿಟ್ಟರೆ ಲೆಕ್ಕ ಎಲ್ಲಿಂದ ಬಂತು ಎಂಬುದು ಕಾಣುತ್ತದೆ, 1/6 ಎಂದ ಕೂಡಲೇ ಆ ಜಾಡು ಅಳಿಸಿಹೋಗುತ್ತದೆ.

ಎರಡು ದಾಳ, ಆಮೇಲೆ ಮೂರು

ಎರಡು ದಾಳಗಳನ್ನು ಎಸೆದಾಗ ಮೊತ್ತ 8 ಬರುವ ಸಂಭವನೀಯತೆ ಕಂಡುಹಿಡಿಯಬೇಕು ಎಂದಿರಲಿ. ಒಂದು ದಾಳ ಕೆಂಪು, ಇನ್ನೊಂದು ನೀಲಿ ಎಂದುಕೊಳ್ಳಿ. ಎರಡೂ ಬಿಳಿಯವೇ ಆಗಿದ್ದರೂ ಮನಸ್ಸಿನಲ್ಲಿ ಬಣ್ಣ ಹಚ್ಚಿ, ಏಕೆಂದರೆ ಬಣ್ಣ ಬದಲಾದ ಮಾತ್ರಕ್ಕೆ ದಾಳ ಬೀಳುವ ರೀತಿ ಬದಲಾಗುವುದಿಲ್ಲ. ಕೆಂಪಿನಲ್ಲಿ 3, ನೀಲಿಯಲ್ಲಿ 5 ಬೀಳುವುದು ಒಂದು ಫಲಿತ. ಕೆಂಪಿನಲ್ಲಿ 5, ನೀಲಿಯಲ್ಲಿ 3 ಬೀಳುವುದು ಬೇರೆ ಫಲಿತ. ಒಟ್ಟು 6 × 6 = 36. ಇವುಗಳಲ್ಲಿ ಮೊತ್ತ 8 ಬರುವಂಥವು (2,6), (3,5), (4,4), (5,3), (6,2), ಅಂದರೆ ಐದು. ಉತ್ತರ 5/36.

ಇಲ್ಲಿ ಎರಡು ಬಗೆಯ ತಪ್ಪು ಪದೇ ಪದೇ ಕಾಣುತ್ತದೆ. ಮೊದಲನೆಯದು, (3,5) ಮತ್ತು (5,3) ಎರಡನ್ನೂ ಒಂದೇ ಎಂದು ಹಿಡಿದು ಅನುಕೂಲ ಫಲಿತಗಳು ಮೂರೇ ಎನ್ನುವುದು, ಆದರೆ ಕೆಳಗೆ ಮಾತ್ರ 36 ಬರೆಯುವುದು. ಎರಡನೆಯದು ಇದರ ತಿರುಗುಮುರುಗು: ಎಲ್ಲವನ್ನೂ ಎರಡೆರಡು ಸಲ ಬರೆಯುವ ಭರದಲ್ಲಿ (4,4) ಕೂಡ ಎರಡು ಸಲ ಬಂದು ಉತ್ತರ 6/36 ಆಗುವುದು. ಕೆಂಪಿನಲ್ಲಿ 4, ನೀಲಿಯಲ್ಲಿ 4 ಎನ್ನುವುದನ್ನು ಅದಲುಬದಲು ಮಾಡಿದರೂ ಅದೇ ಫಲಿತ. ಅದು ಒಂದೇ ಸಲ ಬರಬೇಕು.

ಆರು ಅಡ್ಡಸಾಲು, ಆರು ಕಂಬಸಾಲಿನ ಚೌಕ ಎಳೆದು ಪ್ರತಿ ಮನೆಯಲ್ಲೂ ಮೊತ್ತ ತುಂಬಿದರೆ ಈ ಗೊಂದಲವೇ ಇರುವುದಿಲ್ಲ. ಒಂದೇ ಮೊತ್ತದ ಮನೆಗಳು ಓರೆಯಾಗಿ ಸಾಲುಗಟ್ಟುತ್ತವೆ. 2ರಿಂದ 12ರವರೆಗಿನ ಮೊತ್ತಗಳಿಗೆ ಮನೆಗಳ ಸಂಖ್ಯೆ ಕ್ರಮವಾಗಿ 1, 2, 3, 4, 5, 6, 5, 4, 3, 2, 1. ಇವನ್ನೆಲ್ಲ ಕೂಡಿದರೆ 36 ಬರಲೇಬೇಕು. ಪಟ್ಟಿ ಬೇಡ ಎನ್ನುವವರಿಗೆ ಒಂದು ಸುಳಿವು: ಮೊತ್ತ 7 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೊತ್ತದಿಂದ 1 ಕಳೆಯಿರಿ, 7ಕ್ಕಿಂತ ಹೆಚ್ಚಿದ್ದರೆ 13ರಿಂದ ಮೊತ್ತವನ್ನು ಕಳೆಯಿರಿ. ಹಾಗಿದ್ದರೂ ಒಂದು ಸಲವಾದರೂ ಚೌಕವನ್ನು ಕೈಯಾರೆ ಬರೆದು ನೋಡಿ. ಸುಳಿವು ಮೊತ್ತಕ್ಕೆ ಮಾತ್ರ ಒದಗುತ್ತದೆ. ವ್ಯತ್ಯಾಸ 2 ಬರುವುದು (8 ಮನೆ), ಎರಡರಲ್ಲೂ ಒಂದೇ ಸಂಖ್ಯೆ ಬೀಳುವುದು (6 ಮನೆ), ಗುಣಲಬ್ಧ 12 ಬರುವುದು (4 ಮನೆ), ಹೀಗೆ ಏನು ಕೇಳಿದರೂ ಉತ್ತರ ಆ ಚೌಕದಲ್ಲೇ ಇದೆ.

ದಾಳ ಮೂರಾದಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಗೆಲಿಲಿಯೊ ಮುಂದೆ ಬಂದ ಪ್ರಶ್ನೆ ಇದು. ಮೂರು ದಾಳಗಳಲ್ಲಿ ಮೊತ್ತ 9 ಬರಲು ಆರು ಜೋಡಣೆಗಳಿವೆ, ಮೊತ್ತ 10 ಬರಲೂ ಆರೇ. ಹಾಗಿದ್ದೂ 10 ಬೀಳುವುದು 9ಕ್ಕಿಂತ ತುಸು ಹೆಚ್ಚು ಎಂಬುದು ಜೂಜಾಡುವವರ ಅನುಭವ. ಏಕೆ? ಬಿಡಿಸಿ ನೋಡೋಣ. ಒಂದು ಜೋಡಣೆಯಲ್ಲಿ ಮೂರೂ ಸಂಖ್ಯೆಗಳು ಬೇರೆಬೇರೆ ಆಗಿದ್ದರೆ ಅದನ್ನು ಮೂರು ದಾಳಗಳಿಗೆ 6 ರೀತಿಯಲ್ಲಿ ಹಂಚಬಹುದು. ಎರಡು ಒಂದೇ ಆಗಿದ್ದರೆ 3 ರೀತಿ. ಮೂರೂ ಒಂದೇ ಆಗಿದ್ದರೆ 1 ರೀತಿ.

ಮೊತ್ತ 9: 1-2-6 (6), 1-3-5 (6), 1-4-4 (3), 2-2-5 (3), 2-3-4 (6), 3-3-3 (1). ಒಟ್ಟು 25.

ಮೊತ್ತ 10: 1-3-6 (6), 1-4-5 (6), 2-2-6 (3), 2-3-5 (6), 2-4-4 (3), 3-3-4 (3). ಒಟ್ಟು 27.

ಒಟ್ಟು ಫಲಿತಗಳು 6 × 6 × 6 = 216. ಹಾಗಾಗಿ 25/216 ಮತ್ತು 27/216. ವ್ಯತ್ಯಾಸ ನೂರೆಂಟರಲ್ಲಿ ಒಂದು ಪಾಲು. ಅದನ್ನು ಆಟದಲ್ಲಿ ಗಮನಿಸಬೇಕಾದರೆ ಎಷ್ಟು ಸಾವಿರ ಸಲ ದಾಳ ಉರುಳಿರಬೇಕು! 9ಕ್ಕೆ ಪೆಟ್ಟು ಕೊಟ್ಟಿದ್ದು 3-3-3. ಜೋಡಣೆಗಳ ಪಟ್ಟಿಯಲ್ಲಿ ಅದು ಉಳಿದವುಗಳ ಸಮಕ್ಕೆ ನಿಂತಂತೆ ಕಂಡರೂ ಅದರ ಪಾಲಿಗಿರುವುದು ಒಂದೇ ಫಲಿತ.

ಚೀಲದಿಂದ ಚೆಂಡು ತೆಗೆಯುವುದು

ಚೀಲದಲ್ಲಿ 5 ಕೆಂಪು, 3 ನೀಲಿ, 2 ಹಸಿರು ಚೆಂಡುಗಳಿವೆ. ಒಂದನ್ನು ತೆಗೆದಾಗ ಅದು ಕೆಂಪಾಗಿರುವ ಸಂಭವನೀಯತೆ 5/10. "ಬಣ್ಣ ಮೂರು, ಅದರಲ್ಲಿ ಕೆಂಪು ಒಂದು, ಹಾಗಾಗಿ 1/3" ಎನ್ನುವುದು ದಾಲಂಬೇರನ ತಪ್ಪಿನ ಇನ್ನೊಂದು ರೂಪ. ಕೈಗೆ ಸಿಗುವುದು ಚೆಂಡೇ ಹೊರತು ಬಣ್ಣವಲ್ಲ, ಎಣಿಸಬೇಕಾದ್ದೂ ಚೆಂಡನ್ನೇ.

ಎರಡು ಚೆಂಡು ತೆಗೆಯುವಾಗ ಮೊದಲು ನೋಡಬೇಕಾದದ್ದು, ಮೊದಲನೆಯದನ್ನು ಮರಳಿ ಹಾಕುತ್ತಾರೋ ಇಲ್ಲವೋ. ಮರಳಿ ಹಾಕಿದರೆ ಎರಡೂ ಕೆಂಪಾಗುವ ಸಂಭವನೀಯತೆ 5/10 × 5/10 = 25/100. ಹಾಕದಿದ್ದರೆ ಎರಡನೆಯ ಸಲಕ್ಕೆ ಚೀಲದಲ್ಲಿ ಉಳಿದಿರುವುದು 9, ಅದರಲ್ಲಿ ಕೆಂಪು 4. ಹಾಗಾಗಿ 5/10 × 4/9 = 20/90. ಮೇಲಿನ ಸಂಖ್ಯೆಯನ್ನು ಇಳಿಸಿ ಕೆಳಗಿನದನ್ನು ಇಳಿಸಲು ಮರೆತು 5/10 × 4/10 ಎಂದು ಬರೆಯುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. "ಎರಡು ಚೆಂಡುಗಳನ್ನು ಒಟ್ಟಿಗೆ ತೆಗೆದರೆ" ಎಂದು ಪ್ರಶ್ನೆಯಲ್ಲಿದ್ದರೆ ಅದನ್ನು ಮರಳಿ ಹಾಕದೆ ಒಂದಾದ ಮೇಲೊಂದು ತೆಗೆದಂತೆಯೇ ಬಿಡಿಸಿ, ಉತ್ತರದಲ್ಲಿ ಯಾವ ವ್ಯತ್ಯಾಸವೂ ಬರುವುದಿಲ್ಲ.

ಈಗ ಒಂದು ಕೆಂಪು, ಒಂದು ನೀಲಿ ಬರುವ ಸಂಭವನೀಯತೆ. 5/10 × 3/9 = 15/90 ಎಂದು ನಿಲ್ಲಿಸಿದರೆ ಅರ್ಧ ಉತ್ತರ ಮಾತ್ರ, ಏಕೆಂದರೆ ಅದು ಮೊದಲು ಕೆಂಪು, ಆಮೇಲೆ ನೀಲಿ ಬರುವ ದಾರಿ. ಮೊದಲು ನೀಲಿ, ಆಮೇಲೆ ಕೆಂಪು ಬರುವ ದಾರಿಯೂ ಇದೆ: 3/10 × 5/9 = 15/90. ಎರಡನ್ನೂ ಕೂಡಿದರೆ 30/90, ಅಂದರೆ 1/3.

ಇದನ್ನೇ ವಿಕಲ್ಪಗಳಿಂದಲೂ, ಅಂದರೆ ಕ್ರಮ ಲೆಕ್ಕಿಸದ ಆಯ್ಕೆಗಳನ್ನು ಎಣಿಸಿಯೂ, ಮಾಡಬಹುದು. 10ರಲ್ಲಿ 2ನ್ನು ಆರಿಸುವ ರೀತಿಗಳು (10 × 9)/2 = 45. ಒಂದು ಕೆಂಪು, ಒಂದು ನೀಲಿ ಆರಿಸುವ ರೀತಿಗಳು 5 × 3 = 15. ಉತ್ತರ 15/45, ಅದೇ 1/3. ಎರಡು ವಿಧಾನಗಳಲ್ಲಿ ಯಾವುದನ್ನು ಬೇಕಾದರೂ ಬಳಸಿ, ಆದರೆ ಒಂದೇ ಭಿನ್ನರಾಶಿಯಲ್ಲಿ ಎರಡನ್ನೂ ಬೆರೆಸಬೇಡಿ. ಮೇಲೆ ಕ್ರಮ ಲೆಕ್ಕಿಸದ 15, ಕೆಳಗೆ ಕ್ರಮ ಲೆಕ್ಕಿಸಿದ 90 ಇಟ್ಟರೆ 1/6 ಬರುತ್ತದೆ. ನೋಡಲು ಚೊಕ್ಕಟವಾಗಿರುವ ಈ ತಪ್ಪು ಉತ್ತರ ಅನುಮಾನವನ್ನೇ ಹುಟ್ಟಿಸುವುದಿಲ್ಲ. ಅಂಶದಲ್ಲಿ ಕ್ರಮವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಛೇದದಲ್ಲೂ ತೆಗೆದುಕೊಂಡಿರಬೇಕು.

ಉತ್ತರ ಸರಿಯೇ ಎಂದು ತಿಳಿಯಲು ಎಲ್ಲ ಸಾಧ್ಯತೆಗಳನ್ನೂ ಒಮ್ಮೆ ಕೂಡಿಬಿಡಿ. ಎರಡೂ ಕೆಂಪು 10, ಎರಡೂ ನೀಲಿ 3, ಎರಡೂ ಹಸಿರು 1, ಕೆಂಪು-ನೀಲಿ 15, ಕೆಂಪು-ಹಸಿರು 10, ನೀಲಿ-ಹಸಿರು 6. ಒಟ್ಟು 45. ಮೊತ್ತ 45 ಬಾರದಿದ್ದರೆ ಎಲ್ಲೋ ಒಂದು ಬಿಟ್ಟಿದೆ ಅಥವಾ ಎರಡು ಸಲ ಎಣಿಸಿದೆ. ಅರ್ಧ ನಿಮಿಷದ ಈ ಕೆಲಸ ಬೇರೆ ಯಾವ ಪರೀಕ್ಷೆಗಿಂತಲೂ ಹೆಚ್ಚು ತಪ್ಪುಗಳನ್ನು ಹಿಡಿದುಕೊಡುತ್ತದೆ.

ಇದೇ ಚೀಲದ ಮೇಲೆ ಇನ್ನೊಂದು ಪ್ರಶ್ನೆ. ಮೊದಲ ಚೆಂಡನ್ನು ನೋಡದೆ ಪಕ್ಕಕ್ಕಿಟ್ಟರೆ, ಎರಡನೆಯದು ಕೆಂಪಾಗಿರುವ ಸಂಭವನೀಯತೆ ಎಷ್ಟು? ಒಂದು ಚೆಂಡು ಹೋಗಿದೆ, ಹಾಗಾಗಿ ಉತ್ತರ ಬದಲಾಗಲೇಬೇಕು ಎಂದು ಅನ್ನಿಸುತ್ತದೆ. ಲೆಕ್ಕ ಮಾಡಿ: ಮೊದಲನೆಯದು ಕೆಂಪಾಗಿದ್ದರೆ 5/10 × 4/9 = 20/90, ಆಗಿರದಿದ್ದರೆ 5/10 × 5/9 = 25/90. ಒಟ್ಟು 45/90, ಅದೇ 1/2. ಹೋದ ಚೆಂಡಿನ ಬಣ್ಣ ನಮಗೆ ಗೊತ್ತಿಲ್ಲದಿದ್ದರೆ ಅದು ಹೋದದ್ದರಿಂದ ಏನೂ ಬದಲಾಗುವುದಿಲ್ಲ. ಸಂಭವನೀಯತೆಯನ್ನು ಬದಲಿಸುವುದು ಮಾಹಿತಿ.

"ಅಥವಾ" ಇದ್ದಲ್ಲಿ

52 ಎಲೆಗಳ ಇಸ್ಪೀಟು ಕಟ್ಟಿನಿಂದ ಒಂದು ಎಲೆ ತೆಗೆದಾಗ ಅದು ರಾಜ ಅಥವಾ ರಾಣಿ ಆಗಿರುವುದಕ್ಕೆ 4/52 + 4/52 = 8/52. ರಾಜ ಅಥವಾ ಆಟೀನು ಆಗಿರುವುದಕ್ಕೆ ಮಾತ್ರ 4/52 + 13/52 ಎಂದು ಕೂಡಿ ಕೂರುವಂತಿಲ್ಲ. ಆಟೀನಿನ ರಾಜ ಎರಡೂ ಕಡೆ ಎಣಿಕೆಗೆ ಬಂದಿದ್ದಾನೆ, ಒಂದು ಸಲ ಕಳೆಯಬೇಕು. 4 + 13 − 1 = 16, ಉತ್ತರ 16/52. ಎಲೆಗಳ ಲೆಕ್ಕದಲ್ಲಿ ಚಿತ್ರದ ಎಲೆಗಳು ಎಂದರೆ ರಾಜ, ರಾಣಿ, ಗುಲಾಮ, ಒಟ್ಟು 12. ಎಕ್ಕ ಅದರಲ್ಲಿ ಸೇರುವುದಿಲ್ಲ.

1ರಿಂದ 100ರವರೆಗಿನ ಚೀಟಿಗಳಲ್ಲಿ 2ರಿಂದ ಅಥವಾ 3ರಿಂದ ಭಾಗವಾಗುವ ಸಂಖ್ಯೆ ಸಿಗುವ ಲೆಕ್ಕವೂ ಇದೇ ಜಾತಿಯದು: 50 + 33 − 16 = 67, ಅಂದರೆ 67/100. ಕಳೆದ 16 ಎಂದರೆ 6ರಿಂದ ಭಾಗವಾಗುವ ಸಂಖ್ಯೆಗಳು. ಚೀಟಿಯ ಲೆಕ್ಕಗಳಲ್ಲಿ ಎಡವುವುದು ಬಹುತೇಕ ಎಣಿಕೆಯ ತುದಿಗಳಲ್ಲಿ. 10ರಿಂದ 99ರವರೆಗೆ ಇರುವುದು 89 ಸಂಖ್ಯೆಗಳಲ್ಲ, 90. ಕೊನೆಯದರಿಂದ ಮೊದಲನೆಯದನ್ನು ಕಳೆದ ಮೇಲೆ ಒಂದು ಕೂಡಬೇಕು. ಅವಿಭಾಜ್ಯ ಸಂಖ್ಯೆಗಳನ್ನು ಕೇಳಿದರೆ 1 ಸೇರುವುದಿಲ್ಲ, 2 ಸೇರುತ್ತದೆ.

ಕೂಡುವುದು ಯಾವಾಗ, ಗುಣಿಸುವುದು ಯಾವಾಗ ಎಂಬಲ್ಲಿ ಇನ್ನೊಂದು ಗೊಂದಲ ಇದೆ. ಪರಸ್ಪರ ಪ್ರತ್ಯೇಕ ಘಟನೆಗಳನ್ನೂ ಸ್ವತಂತ್ರ ಘಟನೆಗಳನ್ನೂ ಒಂದೇ ಎಂದು ತಿಳಿದವರು ಬಹಳ. ವಾಸ್ತವದಲ್ಲಿ ಎರಡೂ ಬೇರೆಬೇರೆ. ಒಂದು ನಡೆದರೆ ಇನ್ನೊಂದು ನಡೆಯಲಾರದು ಎಂಬಂತಿದ್ದರೆ ಅವು ಪ್ರತ್ಯೇಕ, "ಅಥವಾ" ಎಂದಾಗ ನೇರವಾಗಿ ಕೂಡಬಹುದು. ಒಂದು ನಡೆದರೂ ಇನ್ನೊಂದರ ಸಂಭವನೀಯತೆ ಕದಲದಿದ್ದರೆ ಅವು ಸ್ವತಂತ್ರ, ಎರಡೂ ನಡೆಯುವುದಕ್ಕೆ ನೇರವಾಗಿ ಗುಣಿಸಬಹುದು. ಸ್ವತಂತ್ರವೋ ಅಲ್ಲವೋ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಒಂದು ದಾಳದಲ್ಲಿ ಸಮಸಂಖ್ಯೆ ಬೀಳುವುದು (2, 4, 6) ಮತ್ತು 4 ಅಥವಾ ಅದಕ್ಕಿಂತ ಕಡಿಮೆ ಬೀಳುವುದು (1, 2, 3, 4): ಎರಡೂ ಸೇರುವುದು 2 ಮತ್ತು 4ರಲ್ಲಿ, ಅಂದರೆ 2/6. ಗುಣಿಸಿದರೆ 1/2 × 2/3 = 1/3. ಸರಿಹೊಂದಿತು, ಸ್ವತಂತ್ರ. ಎರಡನೆಯದನ್ನು "3 ಅಥವಾ ಅದಕ್ಕಿಂತ ಕಡಿಮೆ" ಎಂದು ಬದಲಿಸಿ: ಸೇರುವುದು 2ರಲ್ಲಿ ಮಾತ್ರ, 1/6. ಗುಣಿಸಿದರೆ 1/2 × 1/2 = 1/4. ಹೊಂದುವುದಿಲ್ಲ, ಸ್ವತಂತ್ರವಲ್ಲ. ನೋಡಲು ಎರಡೂ ಪ್ರಶ್ನೆಗಳು ಒಂದೇ ಥರ!

"ಕನಿಷ್ಠ ಒಂದು"

ಪ್ರಶ್ನೆಯಲ್ಲಿ "ಕನಿಷ್ಠ ಒಂದು" ಎಂದು ಕಂಡರೆ ಮೊದಲು ಪೂರಕ ಘಟನೆಯತ್ತ ನೋಡಿ. ಒಂದು ದಾಳವನ್ನು ನಾಲ್ಕು ಸಲ ಎಸೆದಾಗ ಕನಿಷ್ಠ ಒಂದು 6 ಬೀಳುವುದರ ಪೂರಕ, ಒಂದು 6 ಕೂಡ ಬೀಳದಿರುವುದು. ಪ್ರತಿ ಸಲ 6 ಬೀಳದಿರುವ ಸಂಭವನೀಯತೆ 5/6. ನಾಲ್ಕು ಸಲಕ್ಕೆ 5/6ನ್ನು ನಾಲ್ಕು ಬಾರಿ ಗುಣಿಸಿದರೆ 625/1296. 1ರಿಂದ ಕಳೆದರೆ 671/1296, ಸುಮಾರು 0.518. 671ಕ್ಕೆ 625 ಎಂಬ ಈ ಅನುಪಾತ ಫ್ರೆಂಚ್ ಗಣಿತಜ್ಞ ಪಾಸ್ಕಲ್ 1654ರಲ್ಲಿ ಇನ್ನೊಬ್ಬ ಗಣಿತಜ್ಞ ಫೆರ್ಮಾಗೆ ಬರೆದ ಪತ್ರದಲ್ಲೇ ಇದೆ. ಎರಡು ದಾಳಗಳನ್ನು 24 ಸಲ ಎಸೆದಾಗ ಜೋಡಿ 6 ಬೀಳುವುದಕ್ಕೂ ಇಷ್ಟೇ ಅವಕಾಶವಿರಬೇಕು ಎಂಬುದು ಪಾಸ್ಕಲ್‌ನನ್ನು ಕೇಳಿದ ಜೂಜಿನ ಆಸಕ್ತ ದ ಮೆರೆಯ ಎಣಿಕೆ: 6 ಫಲಿತಗಳಿಗೆ 4 ಎಸೆತವಾದರೆ 36 ಫಲಿತಗಳಿಗೆ 24. ಲೆಕ್ಕ ಬೇರೆಯೇ ಹೇಳುತ್ತದೆ. 35/36ನ್ನು 24 ಬಾರಿ ಗುಣಿಸಿ 1ರಿಂದ ಕಳೆದರೆ ಸುಮಾರು 0.491, ಅರ್ಧಕ್ಕಿಂತ ಕಡಿಮೆ.

ನಾಲ್ಕು ಸಲಕ್ಕೆ 1/6 + 1/6 + 1/6 + 1/6 = 4/6 ಎಂದು ಕೂಡುವವರು ಅದೇ ದಾರಿಯಲ್ಲಿ ಏಳು ಸಲದವರೆಗೆ ಹೋಗಿ ನೋಡಲಿ. 7/6 ಬರುತ್ತದೆ. ಸಂಭವನೀಯತೆ 1ನ್ನು ದಾಟುವಂತಿಲ್ಲ. ಎರಡು ಮೂರು ಸಲ 6 ಬೀಳುವ ಸರಣಿಗಳನ್ನು ಹಲವು ಬಾರಿ ಎಣಿಸಿದ್ದರಿಂದ ಹೀಗಾಗುತ್ತದೆ.

ಪೂರಕವನ್ನು ಮಾತಿನಲ್ಲಿ ಸರಿಯಾಗಿ ಹೇಳುವುದೇ ಇಲ್ಲಿನ ಕಷ್ಟ. "ಕನಿಷ್ಠ ಒಂದು"ರ ಪೂರಕ "ಒಂದೂ ಇಲ್ಲ". "ಕನಿಷ್ಠ ಎರಡು"ರ ಪೂರಕ "ಸೊನ್ನೆ ಅಥವಾ ಒಂದು". "ಎಲ್ಲವೂ"ದರ ಪೂರಕ "ಕನಿಷ್ಠ ಒಂದು ಹಾಗಿಲ್ಲ". 12 ಬಲ್ಬುಗಳಲ್ಲಿ 3 ಕೆಟ್ಟಿವೆ, ಎರಡನ್ನು ತೆಗೆದಾಗ ಕನಿಷ್ಠ ಒಂದು ಕೆಟ್ಟದ್ದು ಬರುವುದು ಎಷ್ಟು ಎಂದರೆ, ಎರಡೂ ಚೆನ್ನಾಗಿರುವುದು 9/12 × 8/11 = 72/132, ಉತ್ತರ 60/132, ಅಂದರೆ 5/11.

ಅಧಿಕ ವರ್ಷದಲ್ಲಿ 53 ಭಾನುವಾರ ಬರುವ ಲೆಕ್ಕ ಎಲ್ಲರಿಗೂ ಪರಿಚಿತ. 366 ದಿನ ಎಂದರೆ 52 ವಾರ ಮತ್ತು 2 ದಿನ. ಆ ಎರಡು ದಿನ ಭಾನು-ಸೋಮ, ಸೋಮ-ಮಂಗಳ, ಹೀಗೆ ಏಳು ಜೋಡಿಗಳಲ್ಲಿ ಒಂದು. ಭಾನುವಾರ ಇರುವ ಜೋಡಿಗಳು ಎರಡು, ಹಾಗಾಗಿ 2/7. ಉತ್ತರ ಹೀಗೇ ಬರೆಯಿರಿ, ಆದರೆ ಏಳೂ ಜೋಡಿಗಳು ಸಮಸಂಭವ ಎಂದು ನಾವು ಒಪ್ಪಿಕೊಂಡೇ ಮುಂದೆ ಹೋಗಿದ್ದೇವೆ ಎಂಬುದು ತಿಳಿದಿರಲಿ. ಗ್ರೆಗೋರಿಯನ್ ಪಂಚಾಂಗ 400 ವರ್ಷಕ್ಕೊಮ್ಮೆ ವಾರಗಳ ಸಮೇತ ಮರುಕಳಿಸುತ್ತದೆ, ಅದರಲ್ಲಿ ಅಧಿಕ ವರ್ಷಗಳು 97. ಏಳು ಜೋಡಿಗಳಿಗೆ 97ನ್ನು ಸಮನಾಗಿ ಹಂಚಲು ಬರುವುದಿಲ್ಲ. ಹಾಗಾಗಿ 2/7 ಎಂಬುದು ಬಹಳ ಹತ್ತಿರದ ಉತ್ತರ, ಕರಾರುವಾಕ್ಕಾದದ್ದಲ್ಲ.

ಕೊನೆಯದಾಗಿ ಷರತ್ತುಬದ್ಧ ಸಂಭವನೀಯತೆ. ಇಲ್ಲಿ ಮಾಡಬೇಕಾದ್ದು, ಕೊಟ್ಟ ಮಾಹಿತಿಗೆ ಹೊಂದದ ಫಲಿತಗಳನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿ ಉಳಿದದ್ದನ್ನೇ ಹೊಸ ಫಲಿತ ಗಣ ಎಂದು ಹಿಡಿಯುವುದು. ಎರಡು ದಾಳಗಳ ಮೊತ್ತ 8 ಎಂದು ತಿಳಿದಿದೆ, ಒಂದರಲ್ಲಿ 3 ಬಿದ್ದಿರುವ ಸಂಭವನೀಯತೆ ಎಷ್ಟು? 36ರಲ್ಲಿ ಉಳಿದದ್ದು ಐದು, ಅದರಲ್ಲಿ 3 ಇರುವಂಥವು ಎರಡು. ಉತ್ತರ 2/5. ಛೇದದಲ್ಲಿ 36 ಬಂದರೆ ಮಾಹಿತಿಯನ್ನು ಬಳಸಿಯೇ ಇಲ್ಲ ಎಂದರ್ಥ.

ಈಗ ಈ ಎರಡನ್ನು ಅಕ್ಕಪಕ್ಕ ಇಡಿ. ಕೆಂಪು ದಾಳದಲ್ಲಿ 6 ಬಿದ್ದಿದೆ ಎಂದು ತಿಳಿದಾಗ ಎರಡೂ 6 ಆಗಿರುವುದು: ಉಳಿದ ಫಲಿತಗಳು ಆರು, ಉತ್ತರ 1/6. ಎರಡರಲ್ಲಿ ಕನಿಷ್ಠ ಒಂದರಲ್ಲಿ 6 ಬಿದ್ದಿದೆ ಎಂದಷ್ಟೇ ತಿಳಿದಾಗ: ಚೌಕದ ಕೊನೆಯ ಅಡ್ಡಸಾಲಿನ ಆರು ಮನೆ, ಕೊನೆಯ ಕಂಬಸಾಲಿನ ಆರು ಮನೆ, ಎರಡಕ್ಕೂ ಸೇರಿದ ಮೂಲೆಮನೆ ಒಂದೇ ಆದ್ದರಿಂದ ಒಟ್ಟು ಹನ್ನೊಂದು. ಉತ್ತರ 1/11. ಪ್ರಶ್ನೆ ಓದುವಾಗ ಮಾಹಿತಿ ಇಂಥದ್ದೇ ದಾಳದ ಬಗ್ಗೆ ಇದೆಯೋ, ಎರಡರಲ್ಲಿ ಯಾವುದೋ ಒಂದರ ಬಗ್ಗೆ ಇದೆಯೋ ನೋಡಿ, ಆ ಪದದ ಕೆಳಗೆ ಗೆರೆ ಎಳೆದುಕೊಂಡೇ ಮುಂದುವರಿಯಿರಿ.